ಗುರಿ ತಪ್ತಿರೋದು ಕೈನೋ ಮೌಸೋ? ಒಂದು ದಪ್ಪ ಪುಸ್ತಕ ಇಟ್ಟು ನೋಡ್ಬಿಡಿ

ಗೇಮಲ್ಲಿ ಏಮ್ ಕೂರ್ತಿಲ್ಲ ಅಂದ ತಕ್ಷಣ ನಮ್ಮ ಹುಡುಗ್ರು ಮಾಡೋ ಮೊದಲ ಕೆಲಸ ಸೆನ್ಸಿಟಿವಿಟಿ (ಮೌಸ್ ಸರಿದ್ರೆ ಗೇಮಲ್ಲಿ ನೋಟ ಎಷ್ಟು ತಿರುಗ್ಬೇಕು ಅನ್ನೋ ನಂಬರ್) ಬದಲಾಯಿಸೋದು. ಇವತ್ತು 0.4, ನಾಳೆ 0.35, ನಾಡಿದ್ದು ಯಾವುದೋ ಪ್ರೋ ಪ್ಲೇಯರ್ ನಂಬರ್ ಕಾಪಿ, ಅದೂ ಆಗ್ಲಿಲ್ಲ ಅಂದ್ರೆ ಹೊಸ ಮೌಸ್‌ಗೆ ಅಪ್ಪನ ಹತ್ರ ದುಡ್ಡು. ಇರೋ ಮೌಸ್ ನಿಜವಾಗ್ಲೂ ತಪ್ಪು ಲೆಕ್ಕ ಕೊಡ್ತಿದೆಯಾ ಅಂತ ಮಾತ್ರ ಯಾರೂ ನೋಡಿರಲ್ಲ. ನೋಡೋಕೆ ಬೇಕಾಗಿರೋದು ಒಂದು ದಪ್ಪ ಪುಸ್ತಕ, ಒಂದು ಸ್ಕೇಲು, ಒಂದರ್ಧ ಗಂಟೆ ಬಿಡುವು ಅಷ್ಟೇ. ಕೆಳಗಿರೋದು ವಿಂಡೋಸ್ 10 ಮತ್ತು 11 ಇರೋರಿಗೆ, ಉದಾಹರಣೆಗೆ ಕೌಂಟರ್ ಸ್ಟ್ರೈಕ್ 2 (ಸಿಎಸ್ 2), ವ್ಯಾಲೊರಂಟ್ ಅನ್ನೋ ಎರಡು ಶೂಟಿಂಗ್ ಗೇಮ್ ತಗೊಂಡಿದೀನಿ.

ಮೊದಲು ಮೌಸ್ ತಿರುಗಿಸಿ ಹೊಟ್ಟೆ ನೋಡಿ

ಅಲ್ಲಿ ಒಂದು ಪುಟ್ಟ ತೂತಿದೆ, ಅದರೊಳಗೊಂದು ಕ್ಯಾಮೆರಾ, ಸೆನ್ಸರ್ ಅನ್ನೋದು ಇದನ್ನೇ. ಸೆಕೆಂಡಿಗೆ ಸಾವಿರಾರು ಸಲ ಕೆಳಗಿರೋ ಜಾಗದ ಫೋಟೋ ತೆಗೆದು, ಹಿಂದಿನ ಫೋಟೋ ಜೊತೆ ಹೋಲಿಸಿ ಎಷ್ಟು ಸರಿದಿದೆ ಅಂತ ಲೆಕ್ಕ ಹಾಕತ್ತೆ. ಆ ತೂತಲ್ಲಿ ಒಂದೇ ಒಂದು ಕೂದಲು ಸಿಕ್ಕಿಕೊಂಡ್ರೂ ಸಾಕು, ಕರ್ಸರ್ ನಿಂತಲ್ಲೇ ನಡುಗತ್ತೆ. ಒಣಗಿದ ಇಯರ್‌ಬಡ್‌ನಿಂದ ತೆಗೀರಿ, ಜಿಡ್ಡಿದ್ರೆ ಇಯರ್‌ಬಡ್‌ಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸಿ, ನೇರವಾಗಿ ತೂತಿಗೆ ಏನನ್ನೂ ಸ್ಪ್ರೇ ಮಾಡ್ಬೇಡಿ. ಹೊಸ ಮೌಸ್ ಆದ್ರೆ ಕೆಳಗಿನ ಜಾರುಪಟ್ಟಿ ಮೇಲೆ ತೆಳ್ಳಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ, ತಿಂಗಳುಗಟ್ಟಲೆ ಅದನ್ನ ಕೀಳದೇ ಆಡೋರೂ ಇದಾರೆ.

ಆಮೇಲೆ ಟೇಬಲ್. ಗಾಜಿನ ಟೇಬಲ್ ಮೇಲೆ, ಪಳಪಳ ಅನ್ನೋ ಸನ್‌ಮೈಕಾ ಮೇಲೆ ಆ ಕ್ಯಾಮೆರಾಗೆ ಹಿಡ್ಕೊಳ್ಳೋಕೆ ಗುರುತೇ ಸಿಗಲ್ಲ. ಅನುಮಾನ ಇದ್ರೆ ಈ ಪುರವಣಿನೇ ಮಡಚಿ ಮೌಸ್ ಕೆಳಗೆ ಹಾಕಿ, ಕರ್ಸರ್ ಸರಿಹೋದ್ರೆ ತಪ್ಪು ಟೇಬಲ್‌ದು. ಪ್ಯಾಡ್ ತಗೊಳೋದಾದ್ರೆ ಬಟ್ಟೆದೇ ತಗೊಳಿ, ಒಂದೇ ಬಣ್ಣದ್ದು, ದೊಡ್ಡದು. ಸುತ್ತ ಲೈಟ್ ಹತ್ತೋ ಪ್ಯಾಡಿಗೆ ದುಡ್ಡು ಕೊಡ್ಬೇಡಿ, ಸೆನ್ಸರ್‌ಗೆ ಆ ಲೈಟಿಂದ ಮೂರು ಕಾಸಿನ ಉಪಯೋಗ ಇಲ್ಲ.

ವಿಂಡೋಸ್ ಒಳಗೆ

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಮೇನ್ ಡಾಟ್ ಸಿಪಿಎಲ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಪಾಯಿಂಟರ್ ಆಪ್ಷನ್ಸ್‌ನಲ್ಲಿ ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಶನ್ ಅಂತಿರತ್ತೆ, ಟಿಕ್ ತೆಗೀರಿ. ಹೆಸರು ಕೇಳಿದ್ರೆ ನಿಖರತೆ ಜಾಸ್ತಿ ಮಾಡತ್ತೆ ಅನ್ಸತ್ತೆ, ಮಾಡೋದು ಮಾತ್ರ ಆಕ್ಸೆಲರೇಷನ್, ಅಂದ್ರೆ ಅದೇ ದೂರ ಬೇಗ ಎಳೆದ್ರೆ ಕರ್ಸರ್ ಜಾಸ್ತಿ ಹೋಗತ್ತೆ, ನಿಧಾನಕ್ಕೆ ಎಳೆದ್ರೆ ಕಮ್ಮಿ. ಮೇಲಿರೋ ಸ್ಪೀಡ್ ಸ್ಲೈಡರ್ 11 ಗೆರೆಯಲ್ಲಿ ನಡುವಿನ 6ನೇದಕ್ಕೆ ಇರ್ಲಿ. ಕೌಂಟರ್ ಸ್ಟ್ರೈಕ್ 2 ವಿಂಡೋಸ್ ಮಾತು ಕೇಳೋದೇ ಇಲ್ಲ, ರಾ ಇನ್‌ಪುಟ್ ಅಂತ ನೇರ ಮೌಸಿಂದ ತಗೊಳ್ಳತ್ತೆ, ಆದ್ರೂ ಇದನ್ನ ಆಫ್ ಮಾಡಿ, ಹಳೇ ಗೇಮ್‌ಗಳು ಎಲ್ಲಾ ಹಾಗಿಲ್ಲ, ಮುಂದೆ ಡಿಪಿಐ (ಮೌಸ್ ಒಂದು ಇಂಚು ಸರಿದ್ರೆ ಎಷ್ಟು ಹೆಜ್ಜೆ ಲೆಕ್ಕ ಕೊಡತ್ತೆ ಅನ್ನೋದು) ಅಳೆಯೋಕೂ ಇದು ಆಫ್ ಇರ್ಬೇಕು.

ಇಲ್ಲೇ ಒಂದು ಮಾತು. ಸೈಬರ್ ಕೆಫೆ ಕಾಲದ ಕೌಂಟರ್ ಸ್ಟ್ರೈಕ್ 1.6ಗೆ ಇದ್ದ ಲಾಂಚ್ ಆಪ್ಷನ್‌ಗಳನ್ನ (ಗೇಮ್ ಶುರುವಾಗೋವಾಗ ಕೊಡೋ ಆಜ್ಞೆಗಳು), ಆ ನೋಫೋರ್ಸ್‌ಎಂಆಕ್ಸೆಲ್ ಗೀಕ್ಸೆಲ್ ಎಲ್ಲಾ, ಇವತ್ತಿಗೂ ಸಿಎಸ್ 2ಗೆ ಪೇಸ್ಟ್ ಮಾಡ್ತಾರೆ, ಅದ್ರಿಂದ ಏನೂ ಆಗಲ್ಲ. ಯೂಟ್ಯೂಬ್ ವಿಡಿಯೋ ಕೆಳಗೆ ಕೊಟ್ಟಿರೋ, ವಿಂಡೋಸ್ ಒಳಗಿನ ಸೆಟ್ಟಿಂಗ್ ಬದಲಿಸೋ ರಿಜಿಸ್ಟ್ರಿ ಫೈಲ್‌ಗಳನ್ನಂತೂ ಮುಟ್ಟಲೇಬೇಡಿ, ಒಳಗೆ ಏನಿದೆ ಅಂತ ಹಾಕಿದವನಿಗೇ ಗೊತ್ತಿರಲ್ಲ.

ಮೌಸ್ ಕಂಪನಿ ಸಾಫ್ಟ್‌ವೇರ್ ಇದ್ರೆ ಅದರಲ್ಲಿ ಆಂಗಲ್ ಸ್ನ್ಯಾಪಿಂಗ್ (ಓರೆ ಗೆರೆನ ನೇರ ಮಾಡೋದು), ರಿಪಲ್ ಕಂಟ್ರೋಲ್ (ನಡುಕ ಅಳಿಸೋದು), ಆಕ್ಸೆಲರೇಷನ್ ಮೂರೂ ಆಫ್. ಪೋಲಿಂಗ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಮೌಸ್ ಕಂಪ್ಯೂಟರ್‌ಗೆ ಲೆಕ್ಕ ಕಳಿಸತ್ತೆ ಅನ್ನೋದು) 1000 ಹರ್ಟ್ಜ್ ಸಾಕು, 8000 ಅಂತ ಹಾಕಿದ್ರೆ ಹಳೇ ಪ್ರೊಸೆಸರ್ ಇರೋ ಮಷಿನ್‌ನಲ್ಲಿ ಗೇಮೇ ತಡವರಿಸೋಕೆ ಶುರುವಾಗತ್ತೆ. ಗೇಮಲ್ಲಿ ವಿ-ಸಿಂಕ್ (ಚಿತ್ರವನ್ನ ಮಾನಿಟರ್ ವೇಗಕ್ಕೆ ಹೊಂದಿಸೋ ಆಪ್ಷನ್) ಆಫ್ ಮಾಡಿ, ಕೈ ಹಿಂದೆ ಕ್ರಾಸ್‌ಹೇರ್ (ಸ್ಕ್ರೀನ್ ನಡುವಿನ ಗುರಿ ಗುರುತು) ತೇಲ್ಕೊಂಡು ಬರ್ತಿದೆ ಅನ್ನೋ ದೂರು ಎಷ್ಟೋ ಸಲ ಇದ್ರಿಂದಾನೇ, ಮೌಸಿಗೂ ಅದಕ್ಕೂ ಸಂಬಂಧ ಇರಲ್ಲ.

ಈಗ ಪುಸ್ತಕದ ಟೆಸ್ಟ್, ಎಲ್ಲರೂ ಕೆಡಿಸೋದು ಇಲ್ಲೇ

ಪ್ಯಾಡ್‌ನ ಎಡಗಡೆ ಅಂಚಿಗೆ ಅಲ್ಲಾಡದಷ್ಟು ಭಾರದ ಪುಸ್ತಕ ಇಡಿ, ಪಿಯುಸಿ ಫಿಸಿಕ್ಸ್ ಗೈಡ್ ಇದ್ರೆ ಅದಕ್ಕಿಂತ ಒಳ್ಳೇದು ಇಲ್ಲ. ಮೌಸ್‌ನ ಎಡ ಪಕ್ಕೆ ಪುಸ್ತಕಕ್ಕೆ ತಾಗಿರ್ಲಿ. ಗೇಮಲ್ಲಿ ಪ್ರಾಕ್ಟೀಸ್ ಮ್ಯಾಚ್ ತೆಗೆದು ಒಂದು ಗೋಡೆ ಮುಂದೆ ನಿಂತು, ಮೌಸ್ ಪುಸ್ತಕಕ್ಕೆ ತಾಗಿರೋವಾಗ್ಲೇ ಒಂದೇ ಒಂದು ಗುಂಡು ಹೊಡೀರಿ. ಗೋಡೆ ಮೇಲೆ ಬಿದ್ದ ತೂತೇ ನಿಮ್ಮ ಗುರುತು. ಇನ್ಮೇಲೆ ಕೀಬೋರ್ಡ್ ಮುಟ್ಟಂಗಿಲ್ಲ, ಒಂದು ಹೆಜ್ಜೆ ಅತ್ತಿತ್ತ ಆದ್ರೂ ಲೆಕ್ಕ ಹಾಳು.

ಈಗ ಮೌಸನ್ನ ಬಲಕ್ಕೆ ಒಂದೇ ಏಟಿಗೆ, ಪಂದ್ಯದಲ್ಲಿ ಹಿಂದಿಂದ ಯಾರೋ ಬಂದಾಗ ಎಳೀತೀರಲ್ಲ ಅಷ್ಟು ಜೋರಾಗಿ, 20 ಸೆಂ.ಮೀ. ಎಳೀರಿ. ನಿಲ್ಲಿಸಿ. ಆಮೇಲೆ ಎತ್ತದೇ, ತೀರಾ ನಿಧಾನಕ್ಕೆ, ನಾಲ್ಕೈದು ಸೆಕೆಂಡ್ ತಗೊಂಡು ವಾಪಸ್ ಪುಸ್ತಕಕ್ಕೆ ತಾಗಿಸಿ. ಕ್ರಾಸ್‌ಹೇರ್ ಎಲ್ಲಿದೆ ನೋಡಿ.

ಕೆಡಿಸೋದು ಹೇಗೆ ಅಂದ್ರೆ, ಮಣಿಕಟ್ಟಿಂದ ತಿರುಗಿಸ್ತಾರೆ, ಆಗ ಮೌಸ್ ನೇರ ಹೋಗದೇ ಓರೆಯಾಗಿ ಸುತ್ತತ್ತೆ, ವಾಪಸ್ ಬಂದಾಗ ಮೂತಿ ಬೇರೆ ಕಡೆ ಇರತ್ತೆ, ಕ್ರಾಸ್‌ಹೇರ್ ತಪ್ಪಿದ್ದಕ್ಕೆ ಮೌಸಿಗೆ ಬೈತಾರೆ. ಮೊಣಕೈಯಿಂದ ಇಡೀ ಕೈ ಸರಿಸಿ, ಮೂತಿ ಮಾನಿಟರ್ ಕಡೆಗೇ ಇರ್ಲಿ. ಇನ್ನೊಂದು, ಜೋರಾಗಿ ಎಳೆಯೋವಾಗ ಮೌಸ್ ಗೊತ್ತಿಲ್ದಂಗೆ ಕೂದಲೆಳೆಯಷ್ಟು ಮೇಲೇಳತ್ತೆ, ಅದೂ ಟೆಸ್ಟ್ ಕೆಡಿಸತ್ತೆ, ಅಂಗೈ ಮೆತ್ತಗೆ ಒತ್ತಿ ಹಿಡೀರಿ. ಮೂರ್ನಾಲ್ಕು ಸಲ ಮಾಡಿ, ಒಂದೇ ಸಲಕ್ಕೆ ತೀರ್ಮಾನ ಬೇಡ.

ಕ್ರಾಸ್‌ಹೇರ್ ಪ್ರತಿ ಸಲ ತೂತಿನ ಹತ್ರನೇ ಬಂದು ನಿಂತ್ರೆ ಮೌಸ್ ಚೆನ್ನಾಗಿದೆ, ಹೋಗಿ ಪ್ರಾಕ್ಟೀಸ್ ಮಾಡಿ. ಪ್ರತಿ ಸಲ ತೂತಿಗಿಂತ ಬಲಕ್ಕೆ ಉಳಿದ್ರೆ ಜೋರಾಗಿ ಎಳೆದದ್ದು ಜಾಸ್ತಿ ಲೆಕ್ಕ ಆಗಿದೆ, ಎಲ್ಲೋ ಆಕ್ಸೆಲರೇಷನ್ ಆನ್ ಇದೆ, ವಿಂಡೋಸ್, ಗೇಮ್, ಕಂಪನಿ ಸಾಫ್ಟ್‌ವೇರ್ ಮೂರನ್ನೂ ಮತ್ತೆ ಹುಡುಕಿ. ಪ್ರತಿ ಸಲ ಎಡಕ್ಕೆ ದಾಟಿ ಹೋದ್ರೆ ಜೋರಾಗಿ ಎಳೆದದ್ದರಲ್ಲಿ ಸ್ವಲ್ಪ ಸೆನ್ಸರ್ ಕೈಲಿ ಹಿಡಿಯೋಕೆ ಆಗಿಲ್ಲ ಅಂತ ಅರ್ಥ, ಪ್ಯಾಡ್ ಬದಲಿಸಿ ನೋಡಿ, ಆಗ್ಲೂ ಅದೇ ಆದ್ರೆ ಆ ಸೆನ್ಸರ್ ಯೋಗ್ಯತೆನೇ ಅಷ್ಟು. ಎಳೆದಾಗ ಸೀದಾ ಆಕಾಶನೋ ನೆಲನೋ ನೋಡೋಕೆ ಶುರು ಮಾಡಿದ್ರೂ ಅದೇ ರೋಗ. ಒಂದ್ಸಲ ಎಡ, ಒಂದ್ಸಲ ಬಲ, ಒಂದ್ಸಲ ಸರಿ ಅಂತ ಆದ್ರೆ ಕೊಳೆ, ಪ್ಯಾಡ್ ಅಥವಾ ವೈರ್‌ಲೆಸ್.

ವೈರ್‌ಲೆಸ್ ಇರೋರು

ಡಾಂಗಲ್ (ಮೌಸ್ ಜೊತೆ ಬರೋ ಪುಟ್ಟ ಯುಎಸ್‌ಬಿ ರಿಸೀವರ್) ಎಲ್ಲಿ ಚುಚ್ಚಿದೀರಿ? ಹತ್ತಕ್ಕೆ ಹತ್ತು ಜನ ಕ್ಯಾಬಿನೆಟ್ ಹಿಂದೆ, ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟಲ್ಲಿ, ಪಕ್ಕದಲ್ಲೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಜ್ ಸುತ್ತಮುತ್ತ ಗದ್ದಲ ಹೊರಡಿಸತ್ತೆ ಅಂತ ಇಂಟೆಲ್‌ನೋರೇ 2012ರಲ್ಲಿ ಬರೆದಿಟ್ಟಿದಾರೆ, ಮೌಸ್ ಮಾತಾಡೋದೂ ಅದೇ ಬ್ಯಾಂಡಲ್ಲಿ, ಮನೆ ವೈಫೈ ಎಷ್ಟೋ ಕಡೆ ಅದೇ ಬ್ಯಾಂಡಲ್ಲಿ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲ್ಲನ್ನ ಪ್ಯಾಡ್‌ನಿಂದ ಒಂದು ಗೇಣು ದೂರದಲ್ಲಿ ಇಡಿ. ಬ್ಲೂಟೂತ್ ಮೋಡ್ ಆಫೀಸ್ ಕೆಲಸಕ್ಕೆ ಇಟ್ಕೊಳಿ. ನನ್ನ ಕೇಳಿದ್ರೆ ಬಜೆಟ್ ಕಮ್ಮಿ ಇರೋರು ವೈರ್ ಇರೋದೇ ತಗೋಬೇಕು, ಅಗ್ಗದ ವೈರ್‌ಲೆಸ್‌ನಷ್ಟು ತಲೆನೋವು ಇನ್ನೊಂದಿಲ್ಲ.

ಎತ್ತಿದಾಗ ಜಾರತ್ತಾ?

ಕಮ್ಮಿ ಸೆನ್ಸಲ್ಲಿ ಆಡೋರು ಮೌಸ್ ಎತ್ತಿ ಎತ್ತಿ ಇಡ್ತಾರೆ. ಎತ್ತಿದಾಗ್ಲೂ ಸೆನ್ಸರ್ ಓದ್ತಾನೇ ಇದ್ರೆ ಪ್ರತಿ ಸಲ ಏಮ್ ಒಂಚೂರು ಸರಿಯತ್ತೆ. ಹಳೇ ಎಟಿಎಂ ಕಾರ್ಡ್ ನಾಲ್ಕು ತಗೊಳಿ, ಮುಂದಿನ ಪಟ್ಟಿ ಕೆಳಗೆ ಎರಡು, ಹಿಂದಿನ ಪಟ್ಟಿ ಕೆಳಗೆ ಎರಡು ಪೇರಿಸಿ, ಸೆನ್ಸರ್ ಕೆಳಗೆ ಮಾತ್ರ ಖಾಲಿ ಇರ್ಲಿ. ಒಂದು ಕಾರ್ಡ್ 0.76 ಮಿ.ಮೀ., ಅಲ್ಲಿಗೆ ಮೌಸ್ ಒಂದೂವರೆ ಮಿ.ಮೀ. ಮೇಲಿದೆ. ಕಾರ್ಡ್ ಸಮೇತ ಸರಿಸಿದಾಗ ಕರ್ಸರ್ ಓಡಾಡಿದ್ರೆ ಸಾಫ್ಟ್‌ವೇರ್‌ನಲ್ಲಿ ಲಿಫ್ಟ್ ಆಫ್ ಡಿಸ್ಟೆನ್ಸ್ (ಎಷ್ಟು ಎತ್ತರದವರೆಗೆ ಸೆನ್ಸರ್ ಓದ್ಬೇಕು ಅನ್ನೋದು) ಕಮ್ಮಿ ಮಾಡಿ.

ಡಿಪಿಐ ನಿಜನಾ, ಅಳೀರಿ

ಡೆಸ್ಕ್‌ಟಾಪಲ್ಲಿ ಡಿಸ್‌ಪ್ಲೇ ಸ್ಕೇಲ್ 100 ಪರ್ಸೆಂಟ್ ಇಟ್ಟು, 1920 ಅಗಲದ ಸ್ಕ್ರೀನ್‌ನ ಎಡ ತುದಿಯಿಂದ ಬಲ ತುದಿಗೆ ಕರ್ಸರ್ ಒಯ್ಯಿರಿ. 800 ಡಿಪಿಐ ಆದ್ರೆ ಸ್ಕೇಲ್ ಮೇಲೆ ಮೌಸ್ 6.1 ಸೆಂ.ಮೀ. ಸರಿದಿರ್ಬೇಕು. ಚೂರುಪಾರು ವ್ಯತ್ಯಾಸ ಮಾಮೂಲು, 4 ಸೆಂ.ಮೀ.ಗೇ ಮುಟ್ಟಿದ್ರೆ ನಿಮ್ಮ ಡಿಪಿಐ 1200, ಬಟನ್ ಗೊತ್ತಿಲ್ದೆ ಒತ್ತಿರ್ತೀರಿ. 800ಕ್ಕೆ ಇಟ್ಟು ಮರೆತುಬಿಡಿ. 800ರಲ್ಲಿ ಸಿಎಸ್ ಸೆನ್ಸ್ 1 ಅಂದ್ರೆ ಪೂರ್ತಿ ಒಂದು ಸುತ್ತು ತಿರುಗೋಕೆ ಸುಮಾರು 52 ಸೆಂ.ಮೀ. ಬೇಕು. ವ್ಯಾಲೊರಂಟ್‌ಗೆ ಅದೇ ನಂಬರ್ ಹಾಕ್ಬೇಡಿ, 3.18ರಿಂದ ಭಾಗಿಸಿ, 0.314 ಬರತ್ತೆ.

ಇಷ್ಟೆಲ್ಲಾ ಆದ್ಮೇಲೂ ಪುಸ್ತಕದ ಟೆಸ್ಟಲ್ಲಿ ಫೇಲ್ ಆದ್ರೆ ಮೌಸನ್ನ ಫ್ರೆಂಡ್ ಕಂಪ್ಯೂಟರ್‌ಗೆ ಹಾಕಿ ಅದೇ ಟೆಸ್ಟ್ ಮಾಡಿ. ಅಲ್ಲೂ ಫೇಲ್ ಅಂದ್ರೆ ಹೊಸದು ತಗೊಳಿ, ಆದ್ರೆ ಡಬ್ಬಿ ಮೇಲೆ ಏಳು ಬಣ್ಣದ ಲೈಟು, ದೊಡ್ಡ ಡಿಪಿಐ ನಂಬರು ಹಾಕಿ ಸೆನ್ಸರ್ ಹೆಸರೇ ಹಾಕದೇ ಇರೋದು ಬೇಡ. ಪಿಕ್ಸಾರ್ಟ್ ಪಿಎಂಡಬ್ಲ್ಯು 3360 ಅನ್ನೋ ಸೆನ್ಸರ್ ಹಳೇದಾದ್ರೂ ಸೆಕೆಂಡಿಗೆ 250 ಇಂಚು ವೇಗ ತಡೆಯತ್ತೆ, ಯಾರ ಕೈಗೂ ಅದು ಸಾಲಲ್ಲ ಅಂತಿಲ್ಲ. ವಾರಂಟಿ ಇನ್ನೂ ಇದ್ರೆ ಟೆಸ್ಟ್ ಮಾಡೋದನ್ನ ಫೋನಲ್ಲಿ ವಿಡಿಯೋ ಮಾಡ್ಕೊಳಿ, ಕೈ, ಪುಸ್ತಕ, ಸ್ಕ್ರೀನ್ ಮೂರೂ ಒಂದೇ ಫ್ರೇಮಲ್ಲಿ ಬರ್ಲಿ. ಬರೀ ಬಾಯಲ್ಲಿ ಹೇಳಿದ್ರೆ ಅಂಗಡಿಯೋರು ಮೌಸ್ ಚುಚ್ಚಿ, ಕರ್ಸರ್ ಅಲ್ಲಾಡಿಸಿ, ಚೆನ್ನಾಗೇ ಇದ್ಯಲ್ಲ ಅಂತ ವಾಪಸ್ ಕಳಿಸ್ತಾರೆ.