ಯುದ್ಧದೇವತೆಗೆ ಏನಾಗಿತ್ತು?

ಒಬ್ಬೊಬ್ಬರು ಒಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆಯನ್ನು ಮುಂದೊಯ್ಯುವ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್; ನಮ್ಮ ಗುಂಪಿನಲ್ಲಿ ಅದನ್ನು ನಡೆಸುವವಳು ನಾನು. ಕಥೆ ಕಟ್ಟುವುದು, ರಾಕ್ಷಸರನ್ನು ಆಡಿಸುವುದು, ದೇವರುಗಳನ್ನು ಹುಟ್ಟಿಸುವುದು ಎಲ್ಲವೂ ನನ್ನ ಪಾಲಿನ ಕೆಲಸ. ಹೊಸ ಕಥಾಸರಣಿಗೆ ಯುದ್ಧದೇವತೆಯೊಬ್ಬಳನ್ನು ಬರೆಯುವಾಗ ನನ್ನ ಗಮನವಿದ್ದದ್ದು ಅವಳ ಹಿನ್ನೆಲೆಯ ಮೇಲೆ. ಇಂಥ ಆಟಗಳ ಚಿತ್ರಗಳಲ್ಲಿ ಹೆಣ್ಣಿಗೆ ತೊಡಿಸುವ, ಹೊಟ್ಟೆ, ತೊಡೆ ಬಿಟ್ಟು ಎದೆಗಷ್ಟೇ ಲೋಹ ಬಡಿದ ಕವಚವನ್ನು ಎಲ್ಲರೂ ಗೇಲಿ ಮಾಡಿ ಆಗಿದೆ. ಆದರೆ ಯುದ್ಧಕ್ಕೆ ಯಾಕೆ ಇಳಿದೆ ಎಂದು ಗಂಡು ಯುದ್ಧದೇವರನ್ನು ಯಾರೂ ಕಾರಣ ಕೇಳುವುದಿಲ್ಲ. ಈ ಆಟದ ಫರ್ಗಾಟನ್ ರೆಲ್ಮ್ಸ್ ಎಂಬ ಕಲ್ಪಿತ ಲೋಕದ ದೇವರು ಟೆಂಪಸ್ ಕಾಳಗದ ಒಡೆಯ, ಅಷ್ಟು ಸಾಕು. ಹೆಣ್ಣಾದರೆ ಗಂಡ ಸತ್ತಿರಬೇಕು, ಮಗು ಹೋಗಿರಬೇಕು, ಇಲ್ಲವೇ ಮಾನಭಂಗವಾಗಿರಬೇಕು. ಇಂಥದ್ದೇ ಇನ್ನೊಂದು ಆಟವಾದ ಪಾಥ್‌ಫೈಂಡರ್‌ನ ದೇವತೆ ಐಯೊಮಿಡೇಯಂಥವರು ಅಪವಾದ: ಮೈತುಂಬ ಕವಚ, ಕೈಯಲ್ಲಿ ಖಡ್ಗ, ಪರೀಕ್ಷೆ ಗೆದ್ದು ಪಡೆದ ದೈವತ್ವ.

ಈ ಆಟದ 1978ರ ಆಟಗಾರರ ಕೈಪಿಡಿಯಲ್ಲಿ ಮನುಷ್ಯ ಗಂಡಿನ ಬಲದ ಅಂಕಕ್ಕೆ 18/00ರವರೆಗೆ, ಅಂದರೆ 18ರ ಮೇಲೆ ಪೂರ್ತಿ ನೂರರವರೆಗೆ, ಅವಕಾಶವಿತ್ತು, ಹೆಣ್ಣಿಗೆ 18/50ಕ್ಕೇ ತಡೆ. 1989ರ ಎರಡನೆಯ ಆವೃತ್ತಿಯಲ್ಲಿ ಆ ತಡೆ ಹೋಯಿತು. ಕಣ್ಣೀರಿನ ಕಥೆಗಳು ಹೋಗಲಿಲ್ಲ.

ನಾನು ಮಾದರಿಗಾಗಿ ನೋಡಿದ್ದು ದೇವೀಮಾಹಾತ್ಮ್ಯವನ್ನು. ಅಲ್ಲಿ ವಿಶ್ವಕರ್ಮ ದೇವಿಗೆ ಕೊಡಲಿಯ ಜೊತೆ ಅಭೇದ್ಯ ಕವಚವನ್ನೂ ಕೊಡುತ್ತಾನೆ. ನಮ್ಮ ಕ್ಯಾಲೆಂಡರ್ ಚಿತ್ರಕಾರರು ಅದನ್ನು ಮರೆತೇಬಿಟ್ಟರು. ಮಹಿಷ ಅಬ್ಬರಿಸುತ್ತಿದ್ದರೆ, ನಾನು ಮಧು ಕುಡಿದು ಮುಗಿಸುವ ತನಕ ಗರ್ಜಿಸು ಎನ್ನುತ್ತಾಳೆ. ದೇವತೆಗಳ ತೇಜಸ್ಸಿನಿಂದಲೇ ತಾನೇ ಅವಳು ಮೂಡಿದ್ದು ಎನ್ನಬಹುದು. ಹೌದು, ಆದರೆ ಕಣದಲ್ಲಿ ಅವಳು ಯಾರ ಅಪ್ಪಣೆಗೂ ಕಾಯುವುದಿಲ್ಲ. ಹಾಗೆಂದು ಅವಳನ್ನೇ ಆಟಕ್ಕೆ ಎಳೆಯಲಿಲ್ಲ. 1980ರ ದೇವರುಗಳ ಕೈಪಿಡಿಯಲ್ಲಿ ಕಾಳಿಗೂ ಹಿಟ್ ಪಾಯಿಂಟ್, ಅಂದರೆ ಎಷ್ಟು ಏಟು ತಡೆಯಬಲ್ಲಳು ಎಂಬ ಅಂಕ, ಬರೆದಿದ್ದಾರೆ. ಮನೆಯಲ್ಲಿ ದೀಪ ಹಚ್ಚುವ ದೇವಿಗೆ ಅಂಕ ಹಾಕಲು ನನಗೆ ಕೈ ಬರಲಿಲ್ಲ.

ಹಾಗಾಗಿ ಗಡಿಯಮ್ಮ ಹುಟ್ಟಿದಳು. ಐವತ್ತರ ಆಸುಪಾಸು, ಕಣಿವೆಯ ದಾರಿ ಕಾಯುವವಳು. ಕಾಳಗಕ್ಕೆ ಮುಂಚೆ ಕಣಜದ ಕಾಳು ಲೆಕ್ಕ ಹಾಕುತ್ತಾಳೆ, ದ್ವಂದ್ವಯುದ್ಧ ಎಂದರೆ ಬೇಸರ. ಚಿತ್ರ ಬರೆಯುವ ಗೆಳತಿಗೆ ಹೀಗೆ ಹೇಳಿದೆ: ಸೊಂಟ ಬಳುಕುವುದು ಬೇಡ, ಎರಡೂ ಪಾದ ನೆಲಕ್ಕೂರಿರಲಿ. ಬಿಲ್ಲು ಎಳೆದೆಳೆದು ಹುರಿಗಟ್ಟಿದ ಭುಜಗಳಿರಲಿ. ಎದೆಗವಚ ಒಂದೇ ಉಬ್ಬಾಗಿರಲಿ. ಎರಡು ಬಟ್ಟಲು ಮಾಡಿದರೆ ನಡುವಿನ ತಗ್ಗು ಈಟಿಯ ಮೊನೆಯನ್ನು ನೇರ ಎದೆಮೂಳೆಗೆ ಒಯ್ಯುತ್ತದೆ. ಮೊದಲ ಕರಡಿನಲ್ಲಿ ಎಲ್ಲವೂ ಸರಿಯಿತ್ತು, ಕಣ್ಣಂಚಿನಲ್ಲಿ ಮಾತ್ರ ಒಂದು ದುಃಖ ಬಂದು ಕುಳಿತಿತ್ತು. ಕೆಲಸದ ನಡುವೆ ಯಾರೋ ಕರೆದಾಗ ತಲೆಯೆತ್ತಿದವಳ ಮುಖ ಬೇಕು ಎಂದೆ. ಅದು ಬಂತು.

ಮೇಜಿನ ಸುತ್ತ ಕುಳಿತಾಗ ಕ್ಲೆರಿಕ್ ಎಂಬ ಪೂಜಾರಿಯ ಪಾತ್ರ ಆಡುವ ಹುಡುಗ ಕೇಳಿದ, "ಅಕ್ಕಾ, ಇವಳಿಗೆ ಏನಾಗಿತ್ತು?"

"ಏನೂ ಆಗಿಲ್ಲ."

ಅವನು ನಂಬಲಿಲ್ಲ. ಏನೋ ಗುಟ್ಟಿದೆ ಎಂದು ಆಟದೊಳಗೇ ಅವಳ ಗುಡಿಯನ್ನೆಲ್ಲ ಶೋಧಿಸಿದ, ದಾಳ ಉರುಳಿಸಿ ಶಾಸನಗಳನ್ನು ಓದಿಸಿದ. ನಾನೂ ತಡೆಯಲಿಲ್ಲ. ಸಿಕ್ಕಿದ್ದು ಕಾಳಿನ ಲೆಕ್ಕ, ಬಾವಿಗಳ ಲೆಕ್ಕ, ದಾರಿ ರಿಪೇರಿಗೆ ಬಂದ ಆಳುಗಳ ಕೂಲಿ. ಸತ್ತ ಮಗು ಎಲ್ಲೂ ಸಿಗದೆ ಅವನಿಗೆ ನಿಜವಾಗಿಯೂ ನಿರಾಸೆಯಾಯಿತು. ಮುಂದೆ ಶತ್ರುಗಳ ದಂಡು ಕಣಿವೆಗೆ ನುಗ್ಗಿದಾಗ, ಆ ಲೆಕ್ಕದಲ್ಲಿ ಬತ್ತಿದ ಬಾವಿಗಳೆಂದು ಬರೆದಿದ್ದ ದಾರಿಗೇ ಅದನ್ನು ಎಳೆದುಕೊಂಡು ಹೋದದ್ದು ಅವನ ಕ್ಲೆರಿಕ್.