ರಟ್ಟಿನಲ್ಲೊಂದು ದುರ್ಗ: ಚಿಪ್‌ಬೋರ್ಡ್ ಆಕಾರಗಳನ್ನು ನಾನು ಸಿಂಗರಿಸಿದ ಬಗೆ

ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಆಲ್ಬಂ ಪುಟಕ್ಕೆ ಅಂಟಿಸುವ ಚಿಪ್‌ಬೋರ್ಡ್ ಆಕಾರಗಳನ್ನು ಹುಡುಕಿ ನೋಡಿ. ಐಫೆಲ್ ಟವರ್ ಸಿಗುತ್ತದೆ. ಹಲ್ಲುಚಕ್ರ, ಗಡಿಯಾರ, ಚಿಟ್ಟೆ, ಇಂಗ್ಲಿಷ್ ಅಕ್ಷರಗಳು ರಾಶಿ ರಾಶಿ ಸಿಗುತ್ತವೆ. ಚಿತ್ರದುರ್ಗದ ಕೋಟೆ ಬಾಗಿಲು ಮಾತ್ರ ಸಿಗಲ್ಲ. ದುರ್ಗದಲ್ಲಿರುವ ನಮ್ಮಕ್ಕನಿಗೆ ಮಕ್ಕಳ ಫೋಟೋ ಆಲ್ಬಂ ಮಾಡಿಕೊಡೋಣ ಅಂತ ಕೂತಾಗ ನನಗೆ ಬೇಕಿದ್ದದ್ದು ಅಂಥವೇ. ಕೋಟೆ ಬಾಗಿಲು, ಓಬವ್ವನ ಕಿಂಡಿ, ಒಂದು ಒನಕೆ, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರ, ದಪ್ಪಕ್ಷರದಲ್ಲಿ ‘ದುರ್ಗ’ ಅನ್ನೋ ಹೆಸರು. ಹಾಗಾಗಿ ಆಕಾರಗಳನ್ನೆಲ್ಲ ನಾನೇ ಬರೆದುಕೊಂಡೆ.

ಇಲ್ಲಿ ಚಿಪ್‌ಬೋರ್ಡ್ ಅಂದರೆ ಬಡಗಿಗಳು ಬಳಸುವ ಹಲಗೆ ಅಲ್ಲ, ಹಳೆ ಕಾಗದ ಅರೆದು ಒತ್ತಿ ಮಾಡಿದ ಬೂದು ರಟ್ಟು. ನೋಟ್‌ಬುಕ್ ಬೈಂಡಿಂಗ್ ಮಾಡುವವರ ಹತ್ತಿರ ದೊಡ್ಡ ಹಾಳೆಯಾಗಿ ಸಿಗುತ್ತದೆ. ಒಂದರಿಂದ ಎರಡು ಮಿಲಿಮೀಟರ್ ದಪ್ಪದ್ದು ಸಾಕು. ಸ್ವೀಟ್ ಬಾಕ್ಸಿನ ರಟ್ಟು ಬೇಡ. ಅದು ತೆಳು, ಮೇಲಿನ ಹೊಳಪಿನ ಪದರಕ್ಕೆ ಬಣ್ಣ ಸರಿಯಾಗಿ ಹಿಡಿಯಲ್ಲ.

ಬಾಗಿಲು, ಬಂಡೆ, ಒನಕೆಯಂಥ ಸರಳ ಆಕಾರಗಳನ್ನು ಕಟರ್‌ನಲ್ಲೇ ಕೊಯ್ದೆ. ಒಂದೇ ಏಟಿಗೆ ಕೊಯ್ಯಲು ಹೋಗಬಾರದು. ಅದೇ ಗೆರೆಯ ಮೇಲೆ ಹಗುರವಾಗಿ ನಾಲ್ಕೈದು ಸಲ ಎಳೆದರೆ ರಟ್ಟು ಹರಿಯದೆ ಬಿಡುತ್ತದೆ. ಬ್ಲೇಡ್ ಮೊಂಡಾದ ತಕ್ಷಣ ತುದಿ ಮುರಿದು ಹೊಸದು ತೆಗೆಯಿರಿ, ಜಿಪುಣತನ ಬೇಡ.

ಅಕ್ಷರಗಳನ್ನು ಮಾತ್ರ ಲೇಸರ್ ಕಟಿಂಗ್‌ಗೆ ಕೊಟ್ಟೆ. ಮನೆಗೆ ನೇಮ್ ಬೋರ್ಡ್, ಕೇಕಿನ ಮೇಲೆ ಚುಚ್ಚುವ ಹೆಸರು ಮಾಡಿಕೊಡುವವರು ಈಗ ದಾವಣಗೆರೆಯಲ್ಲೂ ಇದ್ದಾರೆ, ಅವರಿಗೆ ರಟ್ಟು ನಾವೇ ಕೊಟ್ಟರೂ ಆಗುತ್ತದೆ. ಕನ್ನಡ ಅಕ್ಷರಕ್ಕೆ ಒಂದು ತಾಪತ್ರಯ ಇದೆ. ‘ದುರ್ಗ’ ಬರೆದರೆ ಅರ್ಕಾವತ್ತು ಪಕ್ಕಕ್ಕೆ ಒಂಟಿಯಾಗಿ ನಿಲ್ಲುತ್ತದೆ. ‘ಅಕ್ಕ’ ಬರೆದರೆ ಒತ್ತು ಕೆಳಗೆ ಬಿಡಿಯಾಗಿ ಉಳಿಯುತ್ತದೆ. ಕತ್ತರಿಸಿದ ಮೇಲೆ ಅವೆಲ್ಲ ಚೂರು ಚೂರಾಗಿ ಕೈಗೆ ಬರುತ್ತವೆ. ಅದಕ್ಕೇ ಫೈಲ್ ಮಾಡುವಾಗಲೇ ದಪ್ಪ ಲಿಪಿ ಆರಿಸಿ, ಅಕ್ಷರ ಅಕ್ಷರ ತಾಗುವಷ್ಟು ಹತ್ತಿರ ತಂದು, ಒತ್ತನ್ನು ಮೇಲಕ್ಕೆ ಸರಿಸಿ ಅಂಟಿಸಬೇಕು. ಗೆರೆ ಎಲ್ಲೂ ಮೂರು ಮಿಲಿಮೀಟರಿಗಿಂತ ಸಣ್ಣ ಆಗದಂತೆ ನೋಡಿಕೊಂಡೆ. ಅಂಗಡಿಯ ಹುಡುಗನಿಗೆ ಇದನ್ನು ಬಾಯಲ್ಲಿ ಹೇಳಿದರೆ ತಲೆಯಾಡಿಸುತ್ತಾನೆ ಅಷ್ಟೇ. ಪೇಪರ್ ಮೇಲೆ ಬರೆದು ತೋರಿಸಿ.

ಲೇಸರ್‌ನಿಂದ ಬಂದ ರಟ್ಟಿನ ಅಂಚು ಕಂದಾಗಿ ಸುಟ್ಟಿರುತ್ತದೆ, ಮುಟ್ಟಿದರೆ ಬೆರಳಿಗೆ ಮಸಿ. ಆ ಬೆರಳಲ್ಲೇ ಬಿಳಿ ಹಾಳೆ ಮುಟ್ಟಿದರೆ ಆಯಿತು ಕಥೆ! ಒಣ ಬಟ್ಟೆಯಲ್ಲಿ ಅಂಚು ಒರೆಸಿ, ಸಣ್ಣ ಸ್ಯಾಂಡ್‌ಪೇಪರ್‌ನಲ್ಲಿ ಒಮ್ಮೆ ತಿಕ್ಕಿ, ಆಮೇಲೆ ಮುಂದಿನ ಕೆಲಸ.

ಮುಂದಿನ ಕೆಲಸ ಅಂದರೆ ಗೆಸ್ಸೊ. ಗೋಡೆಗೆ ಬಣ್ಣ ಹೊಡೆಯುವ ಮುಂಚೆ ಪ್ರೈಮರ್ ಹೊಡೆಯುತ್ತಾರಲ್ವಾ, ಇದೂ ಹಾಗೇ. ಬೂದು ರಟ್ಟು ಬಣ್ಣವನ್ನು ಕುಡಿದುಬಿಡುತ್ತದೆ. ಹಳದಿ ಹಚ್ಚಿದರೆ ಮಂಕು ಹಳದಿ, ಬಿಳಿ ಹಚ್ಚಿದರೆ ಬೂದು. ಗೆಸ್ಸೊ ಒಂದು ತೆಳು ಪದರ ಹಚ್ಚಿ, ಒಣಗಿದ ಮೇಲೆ ಇನ್ನೊಂದು ತೆಳು ಪದರ ಕೊಟ್ಟರೆ ಬಣ್ಣ ಮೇಲೇ ನಿಲ್ಲುತ್ತದೆ. ದಪ್ಪಗೆ ಒಂದೇ ಸಲ ಬಳಿದರೆ ಬ್ರಷ್ ಗೆರೆ ಉಳಿಯುತ್ತದೆ. ಗೆಸ್ಸೊ ಇಲ್ಲದಿದ್ದರೆ ಬಿಳಿ ಅಕ್ರಿಲಿಕ್ ಬಣ್ಣಕ್ಕೆ ಸ್ವಲ್ಪ ಟಾಲ್ಕಂ ಪೌಡರ್, ಸ್ವಲ್ಪ ಫೆವಿಕಾಲ್ ಕಲಸಿಕೊಳ್ಳಿ, ಆಲ್ಬಂ ಕೆಲಸಕ್ಕೆ ಅದು ಧಾರಾಳ ಸಾಕು.

ರಟ್ಟಿನ ಒಂದೇ ಬದಿ ಒದ್ದೆಯಾದರೆ ಅದು ಬಾಗುತ್ತದೆ. ಅದಕ್ಕೆ ಹಿಂಬದಿಗೂ ಒಂದು ಕೈ ಹಚ್ಚುತ್ತೇನೆ. ಮುಕ್ಕಾಲು ಒಣಗಿದಾಗ ಬಟರ್ ಪೇಪರ್ ನಡುವೆ ಇಟ್ಟು, ಮೇಲೆ ಹಳೆ ಡೈರಿಗಳನ್ನು ಪೇರಿಸಿದರೆ ಮಟ್ಟಸವಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಂತೂ ಪದರಗಳು ಬೇಗ ಬೇಗ ಒಣಗುತ್ತವೆ. ಆದರೆ ನೇರ ಬಿಸಿಲಿಗೆ ಇಡಬೇಡಿ, ಹಪ್ಪಳದ ಹಾಗೆ ಎದ್ದು ಕೂರುತ್ತದೆ.

ಈಗ ಕೋಟೆ ಬಾಗಿಲು. ಈ ಆಲ್ಬಂನಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಕೆಲಸ ಇದು. ದುರ್ಗದ ಕೋಟೆ ಗೋಡೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತದೆ, ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆ ಇಲ್ಲದೆ ಒಂದಕ್ಕೊಂದು ಕೂರಿಸಿದ್ದಾರೆ. ಅಂದರೆ ಕಲ್ಲಿನ ನಡುವೆ ಬಿಳಿ ಪಟ್ಟಿ ಬರೆದರೆ ಅದು ಯಾವುದೋ ಕಾಂಪೌಂಡ್ ಗೋಡೆ ಆಗುತ್ತದೆ, ದುರ್ಗದ ಕೋಟೆ ಆಗಲ್ಲ. ಸಂದು ಕೂದಲೆಳೆಯಷ್ಟೇ ಇರಬೇಕು. ಗೆಸ್ಸೊ ಹಚ್ಚುವ ಮೊದಲೇ ಕಂಪಾಸಿನ ಮೊನೆಯಿಂದ ರಟ್ಟಿನ ಮೇಲೆ ಕಲ್ಲಿನ ಗೆರೆ ಗೀರಿದೆ. ಸಮ ಚೌಕ ಅಲ್ಲ, ಒಂದು ಉದ್ದ, ಒಂದು ಗಿಡ್ಡ, ಒಂದು ಮೂಲೆ ಸೊಟ್ಟ. ಅದರ ಮೇಲೆ ತೆಳು ಟಿಶ್ಯೂ ಪೇಪರನ್ನು ಮುದುಡಿ ಬಿಡಿಸಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅಂಟಿಸಿದೆ. ಬೆರಳಲ್ಲಿ ಒತ್ತಿದಾಗ ಸುಕ್ಕುಗಳು ಅಲ್ಲಲ್ಲೇ ನಿಂತವು, ಗೀರಿದ ಗೆರೆಗಳ ಮೇಲೆ ಉಗುರು ಎಳೆದಾಗ ಸಂದು ಮತ್ತೆ ಕಾಣಿಸಿತು. ಗೆಸ್ಸೊ ಆದ ಮೇಲೆ ಕಪ್ಪು ಮತ್ತು ಕಂದು ಬಣ್ಣವನ್ನು ನೀರು ನೀರಾಗಿ ಮಾಡಿ ಇಡೀ ತುಂಡಿಗೆ ಬಳಿದು, ತಕ್ಷಣ ಬಟ್ಟೆಯಲ್ಲಿ ಒರೆಸಿದೆ. ಬಣ್ಣ ಸುಕ್ಕಿನ ತಳದಲ್ಲಿ, ಸಂದಿನಲ್ಲಿ ಮಾತ್ರ ಉಳಿಯಿತು. ಪೂರ್ತಿ ಒಣಗಿದ ಮೇಲೆ ಬ್ರಷ್‌ಗೆ ತಿಳಿ ಬೂದು ಬಣ್ಣ ತಾಗಿಸಿ, ಹಳೆ ಪೇಪರ್ ಮೇಲೆ ಉಜ್ಜಿ ಉಜ್ಜಿ ಹೆಚ್ಚುಕಮ್ಮಿ ಒಣಗಿಸಿ, ಆ ಒಣ ಬ್ರಷ್‌ನಿಂದ ಮೇಲ್ಮೈಯನ್ನು ಸವರಿದೆ. ಉಬ್ಬಿದ ಕಡೆ ಮಾತ್ರ ಬೆಳ್ಳಗಾಯಿತು. ಕೊನೆಗೆ ಮಳೆನೀರು ಇಳಿದು ಬಂಡೆ ಮೇಲೆ ಕರಿ ಪಟ್ಟೆ ಬಿದ್ದಿರುತ್ತದಲ್ಲ, ಅದಕ್ಕೆ ತುಂಡನ್ನು ನೆಟ್ಟಗೆ ಹಿಡಿದು ಮೇಲಂಚಿನಿಂದ ಒಂದೆರಡು ಹನಿ ನೀರುಗಪ್ಪು ಇಳಿಯಬಿಟ್ಟೆ. ಅಕ್ಕ ಕೈಲಿ ಹಿಡಿದು ನೋಡಿ, “ಇದೇನೇ, ಕಲ್ಲೇ ಕೆತ್ತಿ ಅಂಟಿಸಿದೀಯಾ?” ಅಂದಳು. ತೂಕ ನೋಡಿದ ಮೇಲೆ ನಂಬಿದಳು.

ಓಬವ್ವನ ಕಿಂಡಿಗೂ ಇದೇ ಬಂಡೆ ವಿಧಾನ. ಎರಡು ಬಂಡೆ ತುಂಡುಗಳ ನಡುವೆ ಸಣ್ಣ ಸಂದು ಬಿಟ್ಟು, ಅವನ್ನು ಫೋಮ್ ಟೇಪ್ ಮೇಲೆ ಎತ್ತರಿಸಿ ಕೂರಿಸಿದೆ. ಹಿಂದಿನ ಸಂದಿಯಲ್ಲಿ ಅಕ್ಕನ ಮಗಳ ಫೋಟೋ ಜಾರಿಸಿಟ್ಟರೆ ಹುಡುಗಿ ಕಿಂಡಿಯಿಂದ ಇಣುಕಿದ ಹಾಗೆ ಕಾಣುತ್ತದೆ, ಎಳೆದರೆ ಫೋಟೋ ಪೂರ್ತಿ ಹೊರಗೆ ಬರುತ್ತದೆ. ಪಕ್ಕದಲ್ಲಿ ಒನಕೆ. ಹೈದರಾಲಿಯ ಸೈನಿಕರನ್ನು ಓಬವ್ವ ಬಡಿದ ಒನಕೆ ಅಂದಮೇಲೆ ಅದು ಮಿರಮಿರ ಹೊಳೆಯಬಾರದು ನೋಡಿ. ಅದಕ್ಕೆ ಬಣ್ಣ ಬಿರುಕು ಬಿಡುವ ಹಾಗೆ ಮಾಡಿದೆ. ಕಡು ಕಂದು ಬಣ್ಣ ಹಚ್ಚಿ ಒಣಗಿಸಿ, ಮೇಲೆ ಫೆವಿಕಾಲ್ ಒಂದು ಪದರ. ಅದು ಪೂರ್ತಿ ಒಣಗಬಾರದು, ಬೆರಳು ಇಟ್ಟರೆ ಅಂಟಂಟಾಗಿರಬೇಕು. ಆ ಹೊತ್ತಿಗೆ ತಿಳಿ ಕಂದು ಅಕ್ರಿಲಿಕ್ ಅನ್ನು ಒಂದೇ ದಿಕ್ಕಿನಲ್ಲಿ ಒಂದೇ ಸಲ ಎಳೆಯಬೇಕು. ಅದೇ ಜಾಗಕ್ಕೆ ಮತ್ತೆ ಬ್ರಷ್ ತಂದರೆ ಎಲ್ಲ ಕಲಸಿಹೋಗುತ್ತದೆ. ಒಣಗುತ್ತಾ ಬಂದ ಹಾಗೆ ಮೇಲಿನ ಬಣ್ಣ ಸೀಳಿ ಒಳಗಿನ ಕಡು ಬಣ್ಣ ಇಣುಕುತ್ತದೆ. ಫೆವಿಕಾಲ್ ದಪ್ಪ ಇದ್ದರೆ ದೊಡ್ಡ ಬಿರುಕು, ತೆಳು ಇದ್ದರೆ ಸಣ್ಣ ಬಿರುಕು. ಒನಕೆಗೆ ಸಣ್ಣದೇ ಚೆಂದ.

ಗಾಳಿಯಂತ್ರ ಇದಕ್ಕೆ ಪೂರ್ತಿ ಉಲ್ಟಾ. ಅದು ನುಣುಪಾಗಿ, ಬೆಳ್ಳಗೆ, ಹೊಳೆಯುತ್ತಾ ಇರಬೇಕು. ಇದಕ್ಕೆ ಬಿಳಿ ಎಂಬಾಸಿಂಗ್ ಪೌಡರ್, ಅಂದರೆ ಬಿಸಿಗೆ ಕರಗಿ ಉಬ್ಬಿದ ಪದರವಾಗುವ ಪುಡಿ. ಅಂಟು ಇರುವ ಬಣ್ಣವಿಲ್ಲದ ಇಂಕ್ ಪ್ಯಾಡಿಗೆ ತುಂಡನ್ನು ಒತ್ತಿ, ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಹೀಟ್ ಗನ್ ಹಿಡಿಯಬೇಕು. ಗನ್ ಚೆನ್ನಾಗಿ ಕಾದ ಮೇಲೆ ಹತ್ತಿರ ತನ್ನಿ, ಇಲ್ಲದಿದ್ದರೆ ಕರಗುವ ಮುಂಚೆಯೇ ಪುಡಿ ಹಾರಿಹೋಗುತ್ತದೆ. ಒಂದು ತುದಿಯಿಂದ ಪುಡಿ ಕರಗಿ ನುಣ್ಣಗಾಗುತ್ತಾ ಹೋಗುವುದನ್ನು ನೋಡುವುದೇ ಒಂದು ಮಜಾ. ಬಿಸಿ ಇದ್ದಾಗಲೇ ಇನ್ನೊಂದು ಪದರ ಪುಡಿ ಹಾಕಿ ಕರಗಿಸಿದರೆ ಎನಾಮಲ್ ತಟ್ಟೆಯ ಹೊಳಪು ಬರುತ್ತದೆ. ರಟ್ಟನ್ನು ಚಿಮಟದಲ್ಲಿ ಹಿಡಿಯಿರಿ, ಸುಡುತ್ತದೆ. ಕೂದಲು ಒಣಗಿಸುವ ಡ್ರೈಯರ್ ಆಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಆಗಲ್ಲ. ಅದರಲ್ಲಿ ಗಾಳಿ ಜಾಸ್ತಿ, ಶಾಖ ಕಮ್ಮಿ. ಕೆಳಗಿನ ಗೆಸ್ಸೊ ಹಸಿ ಇದ್ದರೆ ಗುಳ್ಳೆ ಏಳುತ್ತದೆ, ಹಾಗಾಗಿ ರಾತ್ರಿಯಿಡೀ ಒಣಗಲು ಬಿಟ್ಟಿದ್ದೆ.

ಅಕ್ಷರಗಳಿಗೆ ಮನೆಯಲ್ಲಿದ್ದ ಲಗ್ನಪತ್ರಿಕೆಗಳ ಹೊಂಬಣ್ಣದ ಕಾಗದ. ಮದುವೆ ಮುಗಿದ ಮೇಲೆ ಅವನ್ನು ಎಸೆಯಲು ಮನಸ್ಸು ಬರಲ್ಲ, ಇಟ್ಟುಕೊಂಡು ಏನು ಮಾಡಬೇಕೋ ಗೊತ್ತಾಗಲ್ಲ. ಹೆಸರು, ದೇವರ ಚಿತ್ರ ಇಲ್ಲದ ಭಾಗ ನೋಡಿ ತೆಗೆದುಕೊಂಡೆ. ಅಕ್ಷರಕ್ಕೆ ತೆಳುವಾಗಿ ಅಂಟು ಸವರಿ, ಕಾಗದದ ಹಿಂಬದಿಗೆ ಕವುಚಿ ಒತ್ತಿ, ಒಣಗಿದ ಮೇಲೆ ಸುತ್ತ ಕಟರ್ ಆಡಿಸಿದೆ. ಅಂಚಿನಲ್ಲಿ ಸ್ವಲ್ಪ ಕಾಗದ ಉಳಿದೇ ಉಳಿಯುತ್ತದೆ. ಉಗುರು ಉಜ್ಜುವ ಫೈಲನ್ನು ಓರೆಯಾಗಿ ಹಿಡಿದು ಮೇಲಿನಿಂದ ಕೆಳಕ್ಕೆ ಮಾತ್ರ ಉಜ್ಜಿದರೆ ಅದು ತಾನೇ ಕಳಚಿ ಬೀಳುತ್ತದೆ. ಕೆಳಗಿನಿಂದ ಮೇಲಕ್ಕೆ ಉಜ್ಜಿದರೆ ಕಾಗದ ಎದ್ದುಬರುತ್ತದೆ. ‘ಕ್ಕ’ದ ಒಳಗಿನ ಸಣ್ಣ ಸಣ್ಣ ತೂತುಗಳಿಗೆ ಫೈಲ್ ಹೋಗಲ್ಲ, ಅಲ್ಲಿಗೆ ಸ್ಯಾಂಡ್‌ಪೇಪರನ್ನು ಬೆಂಕಿಕಡ್ಡಿಗೆ ಸುತ್ತಿಕೊಂಡೆ. ಆಮೇಲೆ ಅಂಚಿಗಷ್ಟೇ ಕಂದು ಇಂಕನ್ನು ಸ್ಪಂಜಿನಲ್ಲಿ ತಟ್ಟಿದೆ. ಇದನ್ನು ಬಿಟ್ಟರೆ ಅಕ್ಷರ ಪುಟದಿಂದ ಎದ್ದು ಕಾಣಲ್ಲ. ಅಂಚು ಬಿಳಿಯೋ ಬೂದೋ ಹಾಗೇ ಉಳಿದ ಚಿಪ್‌ಬೋರ್ಡ್ ನೋಡಿದರೆ ನನಗೆ ಫಾಲ್ ಹೊಲಿಯದೆ ಉಟ್ಟ ಸೀರೆಯೇ ನೆನಪಾಗುತ್ತದೆ.

ಒಂದು ಪುಟಕ್ಕೆ ಒಂದೇ ಬಗೆಯ ಮೆರುಗು ಅಂತ ನಾನು ಗಟ್ಟಿಯಾಗಿ ಇಟ್ಟುಕೊಂಡಿದ್ದೇನೆ. ಬಂಡೆ ಇರುವ ಪುಟದಲ್ಲಿ ಮಿನುಗು ಪುಡಿ, ಮಣಿ, ಹೊಂಬಣ್ಣದ ಮೇಣ ಎಲ್ಲ ಸೇರಿಸಿದರೆ ಫೋಟೋವನ್ನು ಯಾರು ನೋಡುತ್ತಾರೆ? ವಿಡಿಯೋಗಳಲ್ಲಿ ಹದಿನೈದು ಬಾಟಲಿ ಖಾಲಿ ಮಾಡುವುದು ಸಾಮಾನು ಮಾರಲಿಕ್ಕೆ.

ಅಂಟಿಸುವಾಗ ಫೆವಿಕಾಲ್ ತೆಳುವಾಗಿ ಸವರಿ, ಭಾರ ಹೇರಿ ಬಿಡುತ್ತೇನೆ. ಬಿಸಿ ಗ್ಲೂ ಗನ್ ಬೇಗ ಆಗುತ್ತದೆ, ಆದರೆ ಗಂಟು ಕಟ್ಟಿ ಪುಟ ಉಬ್ಬುತ್ತದೆ. ಮಾಮೂಲಿ ರಟ್ಟಿನ ಒಳಗಿರುವ ಆಮ್ಲ ವರ್ಷಗಳು ಕಳೆದಂತೆ ಫೋಟೋವನ್ನು ಹಳದಿ ಮಾಡಬಹುದು, ಅದಕ್ಕೆ ಫೋಟೋಗೂ ರಟ್ಟಿಗೂ ನಡುವೆ ಆಮ್ಲರಹಿತ ಕಾರ್ಡ್ ಹಾಕುತ್ತೇನೆ. ಆಲ್ಬಂಗೆ ಹೊಲಿಗೆ ಬೈಂಡಿಂಗ್ ಬದಲು ರಿಂಗ್ ಹಾಕಿಸಿದೆ. ಇಷ್ಟೆಲ್ಲ ಉಬ್ಬು ಇರುವ ಪುಟಗಳು ಹೊಲಿದ ಬೆನ್ನಿನೊಳಗೆ ಮುಚ್ಚಲ್ಲ.

ಆಕಾರ ಕತ್ತರಿಸಿ ತೆಗೆದ ಮೇಲೆ ಉಳಿಯುವ ತೂತು ಬಿದ್ದ ಹಾಳೆಯನ್ನು ಎಸೆಯಬೇಡಿ. ಅದನ್ನೇ ಕೊರೆಯಚ್ಚಿನಂತೆ ಇಟ್ಟು ಹಿನ್ನೆಲೆ ಪುಟಕ್ಕೆ ಸ್ಪಂಜಿನಲ್ಲಿ ಬಣ್ಣ ತಟ್ಟಿದರೆ ದೂರದ ಗುಡ್ಡದ ಮೇಲೆ ಮಸುಕಾಗಿ ಇನ್ನೂ ನಾಲ್ಕು ಗಾಳಿಯಂತ್ರ ಪುಕ್ಕಟೆ ಬರುತ್ತವೆ.