ನಾಲಿಗೆಯೊಳಗೆ ಗಂಟು, ಮೇಲೆ ಹುಣ್ಣೇ ಇಲ್ಲ: ಆಗ ಏನು ಮಾಡಬೇಕು?

ನಾಲಿಗೆ ಕ್ಯಾನ್ಸರ್ ಅಂದರೆ ಅಂಚಿನಲ್ಲಿ ವಾಸಿಯಾಗದ ಹುಣ್ಣು ಅಂತಲೇ ಎಲ್ಲರ ತಲೆಯಲ್ಲಿ, ಅಲ್ವಾ? 10ರಲ್ಲಿ 9 ಕೇಸು ನಾಲಿಗೆಯ ಮೇಲ್ಪದರದಲ್ಲಿ ಹುಟ್ಟುವಂಥದ್ದೇ. ನಾನು ಹೇಳುತ್ತಿರುವುದು ಅಪರೂಪದ್ದು, ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ. ನಾಲಿಗೆಯ ಒಳಗಿನ ಸಣ್ಣ ಜೊಲ್ಲು ಗ್ರಂಥಿಗಳಲ್ಲಿ ಹುಟ್ಟುತ್ತದೆ. ತಂಬಾಕು ಮುಟ್ಟದವರಿಗೂ ಬರುತ್ತದೆ.

ಕನ್ನಡಿಯಲ್ಲಿ ಏನೂ ಕಾಣದಿರಬಹುದು. ಕೈ ತೊಳೆದು, ನಾಲಿಗೆಯ ತುದಿಯನ್ನು ಶುದ್ಧವಾದ ಬಟ್ಟೆಯಲ್ಲಿ ಹಿಡಿದು, ಎರಡು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಗಂಟು ಸಿಕ್ಕರೆ, ಒಂದು ಬದಿ ಜೋಮು ಹಿಡಿದ ಹಾಗಿದ್ದರೆ, ನೋವು ಕಿವಿಗೆ ಎಳೆಯುತ್ತಿದ್ದರೆ 3 ವಾರಕ್ಕಿಂತ ಜಾಸ್ತಿ ಕಾಯಬೇಡಿ. ಬುಡದಲ್ಲಿದ್ದರೆ ಕೈಗೆ ಸಿಗುವುದಿಲ್ಲ, ಇಎನ್‌ಟಿ ಡಾಕ್ಟರೇ ನೋಡಬೇಕು. ನಿಧಾನಕ್ಕೆ ಬೆಳೆಯುವ ರೋಗ ಇದು, ಹಾಗಾಗಿ ಹಲ್ಲು ತಗುಲಿರಬೇಕು ಅಂತ ಎಷ್ಟೋ ಜನ ಸುಮ್ನೆ ಇದ್ದುಬಿಡುತ್ತಾರೆ.

ಎಡವುವುದು ಬಯಾಪ್ಸಿಯಲ್ಲಿ. ಪರೀಕ್ಷೆಗೆ ಅಂತ ಬರೀ ಮೇಲ್ಭಾಗದಿಂದ ಚೂರು ತೆಗೆದರೆ ಚೆನ್ನಾಗಿರುವ ಪದರ ಮಾತ್ರ ಬರುತ್ತದೆ, ರಿಪೋರ್ಟ್ ನಾರ್ಮಲ್! ಗಂಟಿನ ಆಳದಿಂದಲೇ ತೆಗೆದಿದ್ದೀರಾ ಅಂತ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ರಿಪೋರ್ಟ್ ಬಂದಮೇಲೆ ಜೀವಕೋಶಗಳ ಜೋಡಣೆ ಏನಿದೆ ನೋಡಿ. ಜರಡಿಯ ಹಾಗೆ ತೂತು ತೂತಾಗಿದ್ದರೆ ಕ್ರಿಬ್ರಿಫಾರ್ಮ್, ತೂತಿಲ್ಲದೆ ಒತ್ತೊತ್ತಾಗಿದ್ದರೆ ಸಾಲಿಡ್. ಸಾಲಿಡ್ ಭಾಗ ಹೆಚ್ಚಿದ್ದಷ್ಟೂ ರೋಗ ಜೋರು. ನರದ ಸುತ್ತ ಹಬ್ಬಿದೆಯಾ ಅನ್ನುವುದನ್ನೂ ಹುಡುಕಿ. ಇದರ ಕೆಟ್ಟ ಚಾಳಿಯೇ ಅದು, ಬಳ್ಳಿ ಹಂದರ ಹಿಡಿದ ಹಾಗೆ ನರ ಹಿಡಿದು ತಲೆಬುರುಡೆಯ ಬುಡದವರೆಗೂ ಹೋಗಬಲ್ಲದು. ಅದಕ್ಕೇ ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಎದ್ದು ಕಾಣಲು ಕೊಡುವ ಇಂಜೆಕ್ಷನ್) ಹಾಕಿದ ಎಂಆರ್‌ಐ ಬೇಕು. ಜೊತೆಗೆ ಎದೆಯ ಸಿಟಿ ಸ್ಕ್ಯಾನ್, ಯಾಕೆಂದರೆ ದೂರಕ್ಕೆ ಹರಡಿದರೆ ಹೆಚ್ಚಾಗಿ ಹೋಗುವುದು ಶ್ವಾಸಕೋಶಕ್ಕೆ.

ಚಿಕಿತ್ಸೆ ಅಂದರೆ ಆಪರೇಷನ್, ಆಮೇಲೆ ಸಾಮಾನ್ಯವಾಗಿ ರೇಡಿಯೇಷನ್, ವಾರಕ್ಕೆ 5 ದಿನದಂತೆ ಸುಮಾರು 6 ವಾರ. ಕೀಮೋಗೆ ಇದು ಅಷ್ಟಾಗಿ ಬಗ್ಗುವುದಿಲ್ಲ, ಹಾಗಾಗಿ ಕೀಮೋ ಕೊಡಲಿಲ್ಲ ಅಂತ ಗಾಬರಿ ಬೇಡ. ಕೀಳಬೇಕಾದ ಹಲ್ಲಿದ್ದರೆ ರೇಡಿಯೇಷನ್‌ಗೆ ಮುಂಚೆಯೇ ಕೀಳಿಸಿ, ಗಾಯ ಮಾಯಲು ಬಿಡಿ. ಆಮೇಲೆ ಕಿತ್ತರೆ ದವಡೆಯ ಮೂಳೆ ವಾಸಿಯಾಗದೆ ಕೊಳೆಯುವ ಅಪಾಯ ಇದೆ. ಮಾತು, ನುಂಗುವುದು ಕಲಿಸುವ ಥೆರಪಿಸ್ಟ್‌ರನ್ನೂ ಆಪರೇಷನ್‌ಗೆ ಮೊದಲೇ ಒಮ್ಮೆ ನೋಡಿ.

5 ವರ್ಷ ದಾಟಿದರೆ ಮುಗಿಯಿತು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. 10, 15 ವರ್ಷದ ಮೇಲೂ ಶ್ವಾಸಕೋಶದಲ್ಲಿ ಚುಕ್ಕೆ ಕಾಣಿಸಬಹುದು. ಅವು ನಿಧಾನಕ್ಕೆ ಬೆಳೆಯುತ್ತಿದ್ದರೆ ಡಾಕ್ಟರು ಔಷಧಿ ಶುರು ಮಾಡದೆ ಬರೀ ಸ್ಕ್ಯಾನ್ ಮಾಡಿಸುತ್ತಾ ಕಾಯುವುದೂ ಉಂಟು. ಹೋಲಿಸಿ ನೋಡಲು ಹಳೆಯ ಸ್ಕ್ಯಾನ್ ಸಿಡಿ ಬೇಕಾಗುತ್ತದೆ, ಮನೆ ಕ್ಲೀನ್ ಮಾಡುವಾಗ ಎಸೆಯಬೇಡಿ.